ಜಾಲಪುಟದಲ್ಲಿ ಊರಿನ ಹೆಸರು

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ವಿದ್ಯಾರ್ಥಿಯು ತನ್ನ ಊರನ್ನು ಕುರಿತು ಜಾಲಪುಟ ರಚಿಸಲು ತೊಡಗಿದರೆ, ಮೊದಲ ತೊಡಕು ಊರಿನ ಹೆಸರಿನಲ್ಲಿಯೇ ಎದುರಾಗುತ್ತದೆ. 'ಕಿತ್ತೂರು' ಎಂಬಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು 3; ಗಣಕಯಂತ್ರವು ಸಂಗ್ರಹಿಸುವ ಸಂಕೇತಗಳು 8. 'ರಾಮದುರ್ಗ'ದಲ್ಲಿ ಮೊದಲು ಉಚ್ಚರಿಸುವ ರಕಾರವು ಅರ್ಕಾವತ್ತಾಗಿ ಗಕಾರದ ಬಲಕ್ಕೆ ಸರಿಯುತ್ತದೆ. ಈ ಸ್ಥಾನಪಲ್ಲಟವನ್ನು ಬ್ರೌಸರು ಬಳಸುವ ಅಕ್ಷರಜೋಡಣೆಯ ತಂತ್ರಾಂಶವು ಮಾಡುತ್ತದೆ; ಅದಕ್ಕೆ ಬೇಕಾದ ಅಕ್ಷರರೂಪಗಳು ಫಾಂಟ್ ಎಂಬ ಅಕ್ಷರಕಡತದಲ್ಲಿ ಅಡಗಿರುತ್ತವೆ.

ಹಿಂದೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ತೊಡಿಸುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ರಾಣಿ ಚೆನ್ನಮ್ಮನ ಹೆಸರೂ ಅರ್ಥಹೀನ ಚಿಹ್ನೆಗಳ ಸಾಲಾಗುತ್ತಿತ್ತು; ಹುಡುಕಿದರೂ ಸಿಗುತ್ತಿರಲಿಲ್ಲ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯು ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಆದರೂ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಫಾಂಟ್ ಬಂದುದು 2001ರಲ್ಲಿ.

ಕಲಿಯುವವರಿಗೆ ಬೇಕಾದ ಸಾಮಗ್ರಿ ದುಬಾರಿಯದಲ್ಲ. ಸಾಮಾನ್ಯ ಪಠ್ಯಸಂಪಾದಕ, ಬ್ರೌಸರು, ಉಚಿತವಾದ ನೋಟೋ ಸಾನ್ಸ್ ಕನ್ನಡ ಫಾಂಟ್ ಸಾಕು. ಮೊಜಿಲ್ಲಾ ಆರಂಭಿಸಿದ ಎಂಡಿಎನ್ ಕೈಪಿಡಿ ಶ್ರೇಷ್ಠವಾದುದು; ಅದು ಕನ್ನಡದಲ್ಲಿಲ್ಲದಿರುವುದು ಗ್ರಾಮಾಂತರದ ವಿದ್ಯಾರ್ಥಿಗೆ ದೊಡ್ಡ ಎಡರೇ ಸರಿ. ಆದರೆ ಯಾವ ಪುಟದ ಮೂಲವನ್ನಾದರೂ ಬ್ರೌಸರಿನಲ್ಲಿ ತೆರೆದು, ಅನ್ಯರು ಬರೆದ ಎಚ್‌ಟಿಎಂಎಲ್ ಸಾಲುಗಳನ್ನು ಓದಬಹುದು. ಕನ್ನಡದ ಪುಟವಾದರೆ ಅದರ ತಲೆಭಾಗದಲ್ಲಿ 'ಯುಟಿಎಫ್-8' ಎಂಬ ಸೂಚನೆಯನ್ನು ಮೊದಲು ಹುಡುಕಬೇಕು. ಅದು ತಪ್ಪಿದಲ್ಲಿ 'ಸವದತ್ತಿ' ಮತ್ತೆ ಚಿಹ್ನೆಗಳ ಗೊಂದಲವಾಗಬಹುದು.