ಒಳಹರಿವು ಕುಗ್ಗಿದರೆ ಜಲಾಶಯದ ನೀರಿನ ಗತಿಯೇನು?

ಹೊಳೆ ಬತ್ತಿದರೆ ಜಲಾಶಯದ ನೀರು ಕಡಿಮೆಯಾಗುವುದೆಂಬುದನ್ನು ಎಲ್ಲರೂ ಬಲ್ಲರು. ಉಳಿದ ನೀರಿನ ಗುಣವೂ ಕೆಡುವುದೆಂಬುದನ್ನು ಬಲ್ಲವರು ವಿರಳ. ಇದಕ್ಕೆ ತಿಪ್ಪಗೊಂಡನಹಳ್ಳಿಯ ಜಲಾಶಯವೇ ಉತ್ತಮ ನಿದರ್ಶನ.

ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಯೂ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯೂ ಕೂಡುವ ಎಡೆಯಲ್ಲಿ 1933ರಲ್ಲಿ ಇದು ಸಿದ್ಧವಾಯಿತು. 1974ರಲ್ಲಿ ಕಾವೇರಿಯ ನೀರು ಬರುವವರೆಗೆ ಬೆಂಗಳೂರು ಮುಖ್ಯವಾಗಿ ಇದನ್ನೇ ನಂಬಿತ್ತು. ಕಾಲಕ್ರಮದಲ್ಲಿ ಕೊಳವೆಬಾವಿಗಳಿಂದ ಅಂತರ್ಜಲವು ಇಳಿದು, ಹಳ್ಳಗಳಿಗೆ ಒಸರುತ್ತಿದ್ದ ನೀರು ನಿಂತಿತು, ಕಾಲುವೆಗಳು ಒತ್ತುವರಿಯಾದವು. ಆದರೆ ಊರುಗಳ ಮತ್ತು ಕಾರ್ಖಾನೆಗಳ ಕೊಳಚೆ ಮಾತ್ರ ನಿಲ್ಲಲಿಲ್ಲ.

ಇದರ ಫಲವನ್ನು ಒಂದು ಸುಲಭವಾದ ಲೆಕ್ಕದಿಂದ ತಿಳಿಯಬಹುದು. 90 ಪಾಲು ಮಳೆನೀರಿಗೆ 10 ಪಾಲು ಕೊಳಚೆ ಸೇರಿದರೆ, ಕೊಳಚೆಯು ಹತ್ತರಲ್ಲೊಂದು ಪಾಲು. ಮಳೆನೀರು 30 ಪಾಲಿಗೆ ಇಳಿದರೆ, ಅಷ್ಟೇ ಕೊಳಚೆಯು ನಾಲ್ಕರಲ್ಲೊಂದು ಪಾಲಾಗುತ್ತದೆ. ಕೊಳಚೆ ಹೆಚ್ಚಲಿಲ್ಲ, ಅದನ್ನು ತಿಳಿಗೊಳಿಸುವ ನೀರು ತಗ್ಗಿತು, ಅಷ್ಟೆ.

ಎರಡನೆಯದು ಆವಿಯ ಕಾರ್ಯ. ಸೂರ್ಯನು ನೀರನ್ನು ಮಾತ್ರ ಒಯ್ಯುತ್ತಾನೆ, ಲವಣಗಳನ್ನು ಬಿಡುತ್ತಾನೆ. ಒಲೆಯ ಮೇಲೆ ಬತ್ತಿದ ಸಾರು ಉಪ್ಪಾಗುವುದನ್ನು ಯಾವ ಗೃಹಿಣಿಯೂ ಬಲ್ಲಳು. ಹೊಸ ನೀರು ಬಂದು ಹಳೆಯದು ಕೋಡಿ ಹರಿಯದಿದ್ದರೆ ಲವಣಗಳು ಅಲ್ಲಿಯೇ ಕೂಡುತ್ತವೆ.

ಮೂರನೆಯದಾಗಿ, ಬಹುಕಾಲ ನಿಂತ ಬೆಚ್ಚನೆಯ ನೀರಿನಲ್ಲಿ ಕೊಳಚೆಯ ಸಾರಜನಕವನ್ನೂ ರಂಜಕವನ್ನೂ ಉಂಡು ಪಾಚಿಯು ಹುಲುಸಾಗಿ ಬೆಳೆಯುತ್ತದೆ. ಸತ್ತ ಪಾಚಿಯು ತಳದಲ್ಲಿ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವು ವ್ಯಯವಾಗುತ್ತದೆ. ಆಮ್ಲಜನಕವು ತೀರಿದಾಗ ಕೆಸರಿನಲ್ಲಿ ಸೆರೆಯಾಗಿದ್ದ ಕಬ್ಬಿಣ ಮತ್ತು ರಂಜಕಗಳು ಮತ್ತೆ ನೀರಿಗೆ ಬಿಡುಗಡೆಯಾಗುತ್ತವೆ. ಆ ರಂಜಕವು ಪುನಃ ಪಾಚಿಗೆ ಆಹಾರ! ಮೀನುಗಳ ಸಾವಿಗೂ ದುರ್ವಾಸನೆಗೂ ಇದೇ ಮೂಲ.

ಒಳಹರಿವು ಕಡಿಮೆಯಾದರೆ ಹೂಳು ಬರುವುದೂ ಕಡಿಮೆಯಲ್ಲವೇ ಎಂದು ಕೆಲವರು ಕೇಳಬಹುದು. ನಿಜ. ಆದರೆ ತಿಳಿಯಾದ ನೀರೆಲ್ಲ ಶುದ್ಧವಲ್ಲ. ತಿಳಿನೀರಿನಲ್ಲಿ ಬೆಳಕು ಆಳಕ್ಕಿಳಿದು ಪಾಚಿಗೆ ಅನುಕೂಲವೇ ಆಗುತ್ತದೆ. ನೀರಿನ ಮಟ್ಟವು ಬಹಳ ಇಳಿದರೆ, ಗಾಳಿಯ ಅಲೆಗಳೇ ತಳದ ಹಳೆಯ ಹೂಳನ್ನು ಕದಡುತ್ತವೆ.

2012ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರೆತ್ತುವುದನ್ನು ನಿಲ್ಲಿಸಬೇಕಾಯಿತು. ಸುಮಾರು 80 ವರ್ಷ ಒಂದು ನಗರವು ಕುಡಿದ ನೀರದು! ಅಣೆಕಟ್ಟಿನ ಅಳತೆಗೋಲು ನೀರಿನ ಎತ್ತರವನ್ನು ಹೇಳುವುದೇ ಹೊರತು ಗುಣವನ್ನು ಹೇಳದು. ಆದುದರಿಂದ ಜಲಾಶಯವನ್ನು ಕಾಯುವ ಕೆಲಸವು ಕಟ್ಟೆಯ ಬಳಿ ಅಲ್ಲ, ಮೇಲಿನ ಹಳ್ಳಕೊಳ್ಳಗಳಲ್ಲಿ ಆರಂಭವಾಗಬೇಕು.