ಮೊದಲ ಮಲ್ಟಿಮೀಟರ್‌ಗೆ ಆಂಪಿಯರ್ ಬೇಕಾ?

ಪ್ರತಿ ವರ್ಷ ಜೂನಿಯರ್‌ಗಳು ಕೇಳುವ ಪ್ರಶ್ನೆ ಒಂದುಂಟು: "ಅಣ್ಣಾ, ಯಾವ ಮಲ್ಟಿಮೀಟರ್ ತಗೊಳ್ಳೋದು?" ಉಡುಪಿಯ ಅಂಗಡಿಯಲ್ಲಿ ಕೇಳಿದರೆ 200-300 ರೂಪಾಯಿಯ ಡಿಟಿ-830 ಮಾದರಿಯದ್ದು ಕೈಗೆ ಬರುತ್ತದೆ. ಇನ್ನೊಂದು ತುದಿಯಲ್ಲಿ ಫ್ಲೂಕ್ 101. ಬೆಲೆ ಹತ್ತು ಪಟ್ಟಿಗಿಂತ ಜಾಸ್ತಿ, ಆದರೆ ಕರೆಂಟ್ ಅಳೆಯುವುದೇ ಇಲ್ಲ! ಪ್ರೋಬ್ ಸಿಕ್ಕಿಸಲು ಎರಡೇ ತೂತು. "ಇಷ್ಟು ದುಡ್ಡು ಕೊಟ್ಟು ಆಂಪಿಯರ್ ಇಲ್ಲದ ಮೀಟರ್ ಎಂತಕ್ಕೆ ಮಾರ್ರೆ?" ಅಂತ ನಾವೂ ನಕ್ಕಿದ್ದೆವು.

ನಗು ನಿಂತದ್ದು ಮಣಿಪಾಲದ ಹಾಸ್ಟೆಲ್ ರೂಮಿನಲ್ಲಿ. ರೋಬೋಟ್‌ನ ಮೋಟರ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ನೋಡಲು ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಹಾಕಿದ್ದೆವು. ಆಮೇಲೆ ಅದನ್ನು ತೆಗೆಯಲು ಮರೆತು, ಡಯಲ್ ಮಾತ್ರ ಎಸಿ ವೋಲ್ಟ್‌ಗೆ ತಿರುಗಿಸಿ ಪ್ಲಗ್ ಪಾಯಿಂಟ್‌ಗೆ ಚುಚ್ಚಿದೆವು. ಫಟ್! ಎಂಸಿಬಿ ಬಿತ್ತು, ಪ್ರೋಬ್‌ನ ತುದಿ ಕರಗಿ ಉಂಡೆಯಾಯಿತು. ಆ ತೂತಿಗೂ ಕಾಮ್‌ಗೂ ನಡುವೆ ಇರುವುದು ಒಂದು ದಪ್ಪ ತಂತಿಯ ಶಂಟ್, ಸುಮಾರು 0.01 ಓಮ್. ಡಯಲ್ ಎಲ್ಲೇ ಇರಲಿ, ಅದು ಅಲ್ಲೇ ಇರುತ್ತದೆ. 230 ವೋಲ್ಟ್‌ಗೆ ಅದು ನೇರ ಶಾರ್ಟ್ ಸರ್ಕ್ಯೂಟ್. ಅಗ್ಗದ ಮೀಟರ್‌ನಲ್ಲಿ ಆ ದಾರಿಗೆ ಫ್ಯೂಸ್ ಕೂಡ ಇಲ್ಲ. 'ಅನ್‌ಫ್ಯೂಸ್ಡ್' ಅಂತ ಮೀಟರ್‌ನ ಮುಖದ ಮೇಲೇ ಬರೆದಿತ್ತು, ನಾವು ಓದಿರಲಿಲ್ಲ ಅಷ್ಟೆ. ಎರಡೇ ತೂತಿನ ಮೀಟರ್‌ನಲ್ಲಿ ಈ ತಪ್ಪು ಮಾಡಲು ಜಾಗವೇ ಇಲ್ಲ.

ಹಾಗಾದರೆ ಕರೆಂಟ್ ರೇಂಜ್ ಬೇಡವಾ? ಯಾವ ಕರೆಂಟ್ ಅಂತ ಮೊದಲು ಕೇಳಿಕೊಳ್ಳಬೇಕು.

ರಜೆಯಲ್ಲಿ ಕಾರ್ಕಳದ ಗೆಳೆಯನ ಅಡಿಕೆ ತೋಟಕ್ಕೆ ಹೋಗಿದ್ದಾಗ 1 ಎಚ್‌ಪಿ ಪಂಪ್ ಬಿಸಿಯಾಗುತ್ತಿತ್ತು. ಅಂಥ ಸಿಂಗಲ್ ಫೇಸ್ ಪಂಪ್ ಓಡುವಾಗ ಸುಮಾರು 6-7 ಆಂಪಿಯರ್ ಎಳೆಯುತ್ತದೆ, ಸ್ಟಾರ್ಟ್ ಆಗುವಾಗ ಅದರ ಕೆಲವು ಪಟ್ಟು. ಡಿಟಿ-830ರ 10 ಆಂಪಿಯರ್ ರೇಂಜ್ ಬರೀ ಡಿಸಿಗೆ. ಎಸಿ ಕರೆಂಟ್ ಅದಕ್ಕೆ ಗೊತ್ತೇ ಇಲ್ಲ. ಅಲ್ಲಿ ಬೇಕಾದ್ದು ಕ್ಲ್ಯಾಂಪ್ ಮೀಟರ್. ವಯರ್ ಕತ್ತರಿಸುವುದು ಬೇಡ, ಸುತ್ತ ಹಿಡಿದರೆ ಸಾಕು. ಆದರೆ ಒಂದೇ ವಯರ್ ಹಿಡಿಯಿರಿ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಸೊನ್ನೆ ಬರುತ್ತದೆ.

ಕಾಪುವಿನ ಮನೆಯೊಂದರಲ್ಲಿ ಇನ್ವರ್ಟರ್ ನೋಡಲು ಅದೇ ಕ್ಲ್ಯಾಂಪ್ ಒಯ್ದು ಪೆಚ್ಚಾದೆವು. 12 ವೋಲ್ಟ್ ಬ್ಯಾಟರಿಯಿಂದ 400 ವ್ಯಾಟ್ ಲೋಡ್ ಓಡಿಸಿದರೆ 35-40 ಆಂಪಿಯರ್ ಡಿಸಿ ಹರಿಯುತ್ತದೆ. ಸಾಧಾರಣ ಕ್ಲ್ಯಾಂಪ್ ಟ್ರಾನ್ಸ್‌ಫಾರ್ಮರ್ ತತ್ವದ್ದು, ಡಿಸಿಗೆ ಅಲುಗಾಡುವುದಿಲ್ಲ. ಹಾಲ್ ಸೆನ್ಸರ್ ಇರುವ ಕ್ಲ್ಯಾಂಪ್ ಬೇಕು. ಮಲ್ಟಿಮೀಟರ್‌ನ 10 ಆಂಪಿಯರ್ ಇಲ್ಲಿ ಲೆಕ್ಕಕ್ಕೇ ಇಲ್ಲ.

ನಮಗೆ ನಿಜವಾಗಿ ಬೇಕಾಗುವುದು ಚಿಕ್ಕ ಕರೆಂಟ್. ಅದರಲ್ಲೂ ಒಂದು ಕಿತಾಪತಿ ಉಂಟು. ಇಎಸ್‌ಪಿ32 ಬೋರ್ಡ್‌ನ 3.3 ವೋಲ್ಟ್ ಲೈನಿಗೆ ಮೀಟರ್ ಸೇರಿಸಿ 200 ಮಿಲಿಆಂಪಿಯರ್ ರೇಂಜ್ ಇಟ್ಟಿದ್ದೆವು. ವೈಫೈ ಆನ್ ಆದಾಗಲೆಲ್ಲ ರೀಸೆಟ್! ಎರಡು ದಿನ ಕೋಡ್‌ನಲ್ಲಿ ಬಗ್ ಹುಡುಕಿದೆವು. ಕಳ್ಳ ಮೀಟರೇ. ಆ ರೇಂಜ್‌ನಲ್ಲಿ ಶಂಟ್ 1 ಓಮ್. ಫ್ಯೂಸ್, ವಯರ್ ಸೇರಿ ಎರಡು-ಮೂರು ಓಮ್ ಆಗಬಹುದು. ಚಿಪ್ ಕ್ಷಣಕಾಲ 300 ಮಿಲಿಆಂಪಿಯರ್ ಎಳೆದರೆ 0.6ರಿಂದ 0.9 ವೋಲ್ಟ್ ಮೀಟರ್‌ನೊಳಗೇ ಖರ್ಚು. ಆಮೇಲೆ 0.1 ಓಮ್ ರೆಸಿಸ್ಟರ್ ಹಾಕಿ ಅದರ ಎರಡೂ ತುದಿಯ ವೋಲ್ಟೇಜ್ ನೋಡಿದೆವು: 1 ಮಿಲಿವೋಲ್ಟ್ ಅಂದರೆ 10 ಮಿಲಿಆಂಪಿಯರ್. ಇದಕ್ಕೆ ಆಂಪಿಯರ್ ರೇಂಜೇ ಬೇಡ. (ಕ್ಷಣದ ಏರಿಳಿತ ನೋಡಬೇಕಾದರೆ ಆಸಿಲೋಸ್ಕೋಪೇ ಗತಿ.)

ಈ ಉಪಾಯ ಸೋಲುವುದು ಡೀಪ್ ಸ್ಲೀಪ್‌ನಲ್ಲಿ. ಚಿಪ್ ಆಗ ತಿನ್ನುವುದು ಸುಮಾರು 10 ಮೈಕ್ರೋಆಂಪಿಯರ್, 0.1 ಓಮ್‌ನಲ್ಲಿ ಅದು ಕಾಣುವುದೇ ಇಲ್ಲ. ಬ್ಯಾಟರಿ ಪ್ರಾಜೆಕ್ಟ್ ಮಾಡುವವರು ಮೈಕ್ರೋಆಂಪಿಯರ್ ರೇಂಜ್ ಇರುವ ಮೀಟರ್ ತಗೊಳ್ಳಿ, ಎರಡೂ ಕರೆಂಟ್ ದಾರಿಗೆ ಫ್ಯೂಸ್ ಉಂಟಾ ಅಂತ ಕೇಳಿಯೇ ತಗೊಳ್ಳಿ. ಮನೆ ವಯರಿಂಗ್, ಪಂಪ್ ಅಂತ ಓಡಾಡುವವರಿಗೆ ಕ್ಯಾಟ್-3 ಗುರುತಿನ ಎರಡು ತೂತಿನ ಮೀಟರ್, ಜೊತೆಗೊಂದು ಕ್ಲ್ಯಾಂಪ್.

ಲ್ಯಾಬ್‌ನ ಮೀಟರ್ ಕರೆಂಟ್ ಸೊನ್ನೆ ತೋರಿಸಿದರೆ ಸರ್ಕ್ಯೂಟನ್ನು ಬೈಯುವ ಮೊದಲು ಅದನ್ನು 200 ಮಿಲಿಆಂಪಿಯರ್‌ಗಿಟ್ಟು, ಇನ್ನೊಂದು ಮೀಟರ್‌ನಿಂದ ಅದರ ಓಮ್ ನೋಡಿ. ಕೆಲವೇ ಓಮ್ ಬಂದರೆ ಫ್ಯೂಸ್ ಸರಿ, ಓಪನ್ ಬಂದರೆ ಹೋಗಿದೆ. ನಮ್ಮ ಹಳೇ ಡಿಟಿ-830 ಇನ್ನೂ ಕೆಲಸ ಮಾಡುತ್ತದೆ. ಅದರ 10 ಆಂಪಿಯರ್ ತೂತಿಗೆ ಮಾತ್ರ ಇನ್ಸುಲೇಶನ್ ಟೇಪ್ ಅಂಟಿಸಿದ್ದೇವೆ.