ಅಗೆಯುವ ಮುನ್ನ

ಮನೆಯಂಗಳದ ನೆಲವು ನೋಡುವವರ ಕಣ್ಣಿಗೆ ಬರಿಯ ಮಣ್ಣು. ಆದರೆ ಆ ಮಣ್ಣಿನ ಒಡಲಿನಲ್ಲಿ ಅಡಗಿರುವುದು ಬಹಳ. ಬೀದಿಯಿಂದ ಸಂಪಿಗೆ ಬರುವ ನೀರಿನ ಕೊಳವೆ, ಕೊಳವೆಬಾವಿಯ ಪಂಪಿಗೆ ವಿದ್ಯುತ್ತನ್ನು ಒಯ್ಯುವ ಕೇಬಲ್, ಗೇಟಿನ ದೀಪಕ್ಕೆ ಎಳೆದ ತಂತಿ, ಬಚ್ಚಲಿನಿಂದ ಹೊರಟ ಕೊಳವೆ, ಕೆಲವು ನಗರಗಳಲ್ಲಿ ಅಡುಗೆಮನೆಗೆ ಬರುವ ಅನಿಲದ ಕೊಳವೆ, ಇವೆಲ್ಲವೂ ಮರದ ಬೇರುಗಳಂತೆ ಅಲ್ಲಿ ಹರಡಿಕೊಂಡಿರುತ್ತವೆ. ತೆಂಗಿನ ಸಸಿಯನ್ನು ನೆಡುವುದಕ್ಕೋ ಕಾಂಪೌಂಡಿಗೆ ಪಾಯ ತೆಗೆಯುವುದಕ್ಕೋ ಹಾರೆಯನ್ನು ಎತ್ತಿದವನಿಗೆ ಇವು ಕಾಣುವುದಿಲ್ಲ. ನೀರಿನ ಕೊಳವೆ ಒಡೆದರೆ ನಷ್ಟವಾದೀತು; ಅನಿಲದ ಕೊಳವೆ ಸೀಳಿದರೆ ಬೆಂಕಿ ಹೊತ್ತೀತು; ಹಾರೆಯ ಮೊನೆ ವಿದ್ಯುತ್ ಕೇಬಲ್ಲನ್ನು ತಾಗಿದರೆ ಪ್ರಾಣವೇ ಹೋದೀತು. ಹಾರೆ ಹಿಡಿದವನು ಎಷ್ಟೋ ವೇಳೆ ದಿನಗೂಲಿಗೆ ಬಂದ ಬಡ ಕೆಲಸಗಾರ. ಮನೆಯವರ ಮರೆವಿಗೆ ಅವನು ಬೆಲೆ ತೆರಬೇಕಾಗುತ್ತದೆ.

ಈ ಅಪಾಯವನ್ನು ತಪ್ಪಿಸಲು ಹಲವು ದೇಶಗಳು ಏರ್ಪಾಡುಗಳನ್ನು ಮಾಡಿಕೊಂಡಿವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2007ರಲ್ಲಿ 811 ಎಂಬ ದೂರವಾಣಿ ಸಂಖ್ಯೆ ಬಳಕೆಗೆ ಬಂದಿತು. ಅಗೆಯಲಿರುವವರು ಮುಂಚಿತವಾಗಿ ಕರೆಮಾಡಿದರೆ, ಆಯಾ ಸಂಸ್ಥೆಯವರು ಬಂದು ನೆಲದ ಮೇಲೆ ಬಣ್ಣದ ಗುರುತು ಹಾಕುತ್ತಾರೆ. ವಿದ್ಯುತ್ತಿಗೆ ಕೆಂಪು, ಅನಿಲಕ್ಕೆ ಹಳದಿ, ಕುಡಿಯುವ ನೀರಿಗೆ ನೀಲಿ, ಒಳಚರಂಡಿಗೆ ಹಸಿರು. ಭಾರತ ಸರಕಾರವೂ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪನ್ನು ಹೊರತಂದಿತು. ಆದರೆ ಇಂತಹ ಏರ್ಪಾಡುಗಳಿಗೆ ಒಂದು ಎಲ್ಲೆಯುಂಟು. ಸಂಸ್ಥೆಗಳು ಗುರುತಿಸುವುದು ತಮ್ಮ ಸ್ವಂತ ಕೊಳವೆ ತಂತಿಗಳನ್ನು ಮಾತ್ರ. ಸಾಮಾನ್ಯವಾಗಿ ಮೀಟರಿನಿಂದ ಈಚೆಗೆ ಇರುವುದೆಲ್ಲ ಮನೆಯೊಡೆಯನ ಸ್ವತ್ತು. ಅದನ್ನು ಅರಿತಿರಬೇಕಾದ ಹೊಣೆಯೂ ಅವನದೇ.

ಹಾಗಾದರೆ ಕಾಣದುದನ್ನು ಕಾಣುವ ಬಗೆ ಹೇಗೆ? ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಉಂಟಾಗುತ್ತದೆಂದು 1820ರಲ್ಲಿ ಡೆನ್ಮಾರ್ಕಿನ ಓರ್‌ಸ್ಟೆಡ್ ತೋರಿಸಿದನು. ಬದಲಾಗುತ್ತಿರುವ ಕಾಂತಕ್ಷೇತ್ರವು ಸಮೀಪದ ತಂತಿಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆಂದು 1831ರಲ್ಲಿ ಇಂಗ್ಲೆಂಡಿನ ಫ್ಯಾರಡೆ ಕಂಡುಹಿಡಿದನು. ಶೋಧಕ ಯಂತ್ರಕ್ಕೆ ಈ ಎರಡು ತತ್ತ್ವಗಳೇ ಆಧಾರ. ಅದರಲ್ಲಿ ಎರಡು ಭಾಗಗಳಿವೆ. ಪ್ರೇಷಕವು ಹೂತ ಲೋಹದ ಕೊಳವೆಗೆ ಅಥವಾ ಕೇಬಲ್ಲಿಗೆ ಗೊತ್ತಾದ ಆವರ್ತಾಂಕದ ಪರ್ಯಾಯ ವಿದ್ಯುತ್ತನ್ನು ಕಳುಹಿಸುತ್ತದೆ. ತರಬೇತಿ ಪಡೆದವನು ಗ್ರಾಹಕವನ್ನು ಹಿಡಿದು ನೆಲದ ಮೇಲೆ ನಡೆಯುತ್ತಾನೆ. ಕೊಳವೆಗೆ ನೇರ ಮೇಲೆ ಬಂದಾಗ ಸದ್ದು ಹೆಚ್ಚುತ್ತದೆ. ಪ್ಲಾಸ್ಟಿಕ್ ಕೊಳವೆಯಲ್ಲಿ ವಿದ್ಯುತ್ ಹರಿಯದು. ಆದುದರಿಂದ ಅಲ್ಲಿ ನೆಲದೊಳಕ್ಕೆ ರೇಡಿಯೋ ಅಲೆಗಳನ್ನು ಕಳುಹಿಸಿ ಅವುಗಳ ಪ್ರತಿಫಲನವನ್ನು ಗಮನಿಸುವ ರಡಾರ್ ಯಂತ್ರವನ್ನು ಬಳಸುತ್ತಾರೆ.

ಯಂತ್ರವಿದ್ದ ಮಾತ್ರಕ್ಕೆ ಎಲ್ಲವೂ ತಿಳಿದುಬಿಡುವುದಿಲ್ಲ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಗುಂಡೇಟಿಗೆ ಈಡಾದನು. ದೇಹದೊಳಗಿನ ಗುಂಡನ್ನು ಪತ್ತೆಮಾಡಲು ದೂರವಾಣಿಯ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಸುರುಳಿಗಳ ಒಂದು ಯಂತ್ರವನ್ನು ರಚಿಸಿಕೊಂಡು ಬಂದನು. ಪರೀಕ್ಷೆಗಳಲ್ಲಿ ಅದು ಲೋಹವನ್ನು ಸರಿಯಾಗಿ ಗುರುತಿಸಿದ್ದಿತು. ಆದರೆ ರೋಗಿಯ ಹಾಸಿಗೆಯಲ್ಲಿದ್ದ ಉಕ್ಕು ಅದರ ಸದ್ದನ್ನು ಗೊಂದಲಗೊಳಿಸಿತು. ಗುಂಡು ಬಲಭಾಗದಲ್ಲಿಯೇ ಇದೆಯೆಂದು ನಂಬಿದ್ದ ವೈದ್ಯನು ಅಲ್ಲಿ ಮಾತ್ರ ಹುಡುಕಗೊಟ್ಟನು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡ ಮೇಲೆ ನೋಡಿದರೆ, ಗುಂಡು ಬೆನ್ನೆಲುಬಿನ ಎಡಕ್ಕಿದ್ದಿತು!

ಮನೆಯಂಗಳಕ್ಕೂ ಈ ಪಾಠ ಸಲ್ಲುತ್ತದೆ. ಕಬ್ಬಿಣದ ಗೇಟು, ಕಾಂಕ್ರೀಟಿನೊಳಗಿನ ಸರಳು, ಪಕ್ಕದಲ್ಲಿ ನಿಂತ ವಾಹನ ಇವು ಶೋಧಕವನ್ನು ದಾರಿ ತಪ್ಪಿಸಬಲ್ಲವು. ‘ಕೇಬಲ್ ನೆಟ್ಟಗೇ ಹೋಗಿರಬೇಕು’ ಎಂಬ ಊಹೆಯು ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಆದ್ದರಿಂದ ಜಾಣನಾದವನು ಮೊದಲು ಮೀಟರು, ವಾಲ್ವು, ಗುಂಡಿಯ ಮುಚ್ಚಳ, ಕುಸಿದ ಮಣ್ಣಿನ ಸಾಲು ಇವುಗಳನ್ನು ಪರಿಶೀಲಿಸುತ್ತಾನೆ. ಮನೆ ಕಟ್ಟಿದ ಮೇಸ್ತ್ರಿಯನ್ನು ವಿಚಾರಿಸುತ್ತಾನೆ. ಅಂಗಳದ ಕೇಬಲ್ಲಿಗೆ ವಿದ್ಯುತ್ ಹರಿಯದಂತೆ ಮಾಡಿಸುತ್ತಾನೆ. ಗುರುತಿನ ಬಳಿ ಹಾರೆಯ ಪೆಟ್ಟು ಹಾಕಿಸದೆ, ಮಣ್ಣನ್ನು ಕೈಯಿಂದ ಮೆಲ್ಲನೆ ಬಿಡಿಸುತ್ತಾನೆ.

ಇವೆಲ್ಲಕ್ಕಿಂತ ಸುಲಭವಾದ ಉಪಾಯವೊಂದಿದೆ. ಕೊಳವೆ ಹೂಳುವ ದಿನ, ಮಣ್ಣು ಮುಚ್ಚುವ ಮುನ್ನ, ಮನೆಯ ಎರಡು ಮೂಲೆಗಳಿಂದ ಅದು ಎಷ್ಟು ದೂರದಲ್ಲಿದೆ, ಎಷ್ಟು ಆಳದಲ್ಲಿದೆ ಎಂಬುದನ್ನು ಅಳೆದು ಒಂದು ಹಾಳೆಯಲ್ಲಿ ಬರೆದು, ಮನೆಯ ಪತ್ರಗಳೊಡನೆ ಇಡುವುದು. ಅದಕ್ಕೆ ತಗಲುವುದು ಕೆಲವೇ ನಿಮಿಷ. ಮುಂದೆಂದೋ ಆ ಅಂಗಳಕ್ಕೆ ಹಾರೆ ಹಿಡಿದು ಬರುವ ಅಪರಿಚಿತನೊಬ್ಬನು ಸಂಜೆ ಕ್ಷೇಮವಾಗಿ ಮನೆ ಸೇರಲು ಆ ಹಾಳೆಯೇ ಕಾರಣವಾಗಬಹುದು.

ಅಭ್ಯಾಸ
1. ಸಂಸ್ಥೆಗಳ ಏರ್ಪಾಡಿಗೆ ಇರುವ ಎಲ್ಲೆ ಯಾವುದು?
2. ಶೋಧಕ ಯಂತ್ರವು ಹೇಗೆ ಕೆಲಸ ಮಾಡುತ್ತದೆ? ವಿವರಿಸಿ.
3. ಬೆಲ್ಲನ ಪ್ರಯತ್ನ ವಿಫಲವಾಗಲು ಕಾರಣಗಳೇನು? ಅದರಿಂದ ಕಲಿಯಬೇಕಾದುದೇನು?
4. ನಿಮ್ಮ ಮನೆಯ ಅಥವಾ ಶಾಲೆಯ ಅಂಗಳದ ಕೊಳವೆ ತಂತಿಗಳ ನಕ್ಷೆಯನ್ನು ಹಿರಿಯರನ್ನು ಕೇಳಿ ಬರೆಯಿರಿ.